ಮನಸ್ಸಿನ ಹಾಜರಿ

ಮಕ್ಕಳಿಗೆ ಗಣಿತ ಕಲಿಸುವುದು ಸುಲಭ. ತಮ್ಮ ತಲೆಯೊಳಗೆ ಏನು ನಡೆಯುತ್ತಿದೆ ಎಂದು ತಾವೇ ನೋಡಿಕೊಳ್ಳುವುದನ್ನು ಕಲಿಸಹೊರಟರೆ ಮಾತ್ರ ದಿನಕ್ಕೊಂದು ಫಜೀತಿ. ಬಳ್ಳಾರಿಯ ಸತ್ಯನಾರಾಯಣಪೇಟೆಯಿಂದ ಸಿರಿಗೇರಿಯ ಶಾಲೆಗೆ ಹೋಗುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂರುತ್ತೇನೆ. ಭತ್ತದ ಗದ್ದೆಗಳು ಮಂಜಿನಲ್ಲಿ ತೇಲಿಹೋಗುತ್ತವೆ. ಅರ್ಧ ಎಚ್ಚರ, ಅರ್ಧ ನಿದ್ದೆಯಲ್ಲಿ ಆ ಫಜೀತಿಗಳು ನೆನಪಾಗಿ ಒಬ್ಬಳೇ ನಗುತ್ತೇನೆ. ಪಕ್ಕದವರು ಸ್ವಲ್ಪ ಸರಿದು ಕೂರುತ್ತಾರೆ.

ಕೊಕ್ಕರೆ

ಹೆಸರು ಕೂಗಿ ಹಾಜರಿ ತೆಗೆದುಕೊಂಡ ಮೇಲೆ ನಾನು ಮನಸ್ಸಿನ ಹಾಜರಿಯನ್ನೂ ತೆಗೆದುಕೊಳ್ಳುತ್ತೇನೆ. ಮನಸ್ಸು ಎಲ್ಲಿದೆಯೋ ಇದ್ದದ್ದು ಇದ್ದ ಹಾಗೆ ಹೇಳಬೇಕು, ಬೈಯುವುದಿಲ್ಲ.

ಹತ್ತನೆಯ ತರಗತಿಯಲ್ಲಿ ಕಿಟಕಿ ಪಕ್ಕ ಕೂರುವ ಹುಡುಗಿಯೊಬ್ಬಳಿದ್ದಳು. ಕೂಲಿ ಮಾಡುವ ಅವಳವ್ವ ಮೊದಲೇ ಹೇಳಿಬಿಟ್ಟಿದ್ದಳು: "ಗಣಿತದಾಗ ಫೇಲಾದ್ಲಂದ್ರ ಬಳ್ಳಾರಿಗೆ ಪ್ಯಾಂಟ್ ಹೊಲಿಯಾಕ ಕಳಸ್ತೀನ್ರಿ ಟೀಚರ್. ಪಾಸಾದ್ರ ಮುಂದ ಓದ್ಲಿ." ಅಂದಿನಿಂದ ನನಗೆ ಆ ಹುಡುಗಿಯದೇ ಚಿಂತೆ.

"ನಿನ್ನ ಮನಸು ಎಲ್ಲೈತಿ?"

"ಗದ್ದ್ಯಾಗ ಐತ್ರಿ. ಕೊಕ್ಕರಿ ನೋಡಾಕತ್ತೈತಿ."

"ಕರಿ ಅದನ್ನ."

"ಕರದೀನ್ರಿ. ನೀವು ಪಾಠ ಶುರು ಮಾಡ್ರಿ, ಅದು ಹಿಂದಿಂದ ಬರ್ತೈತಿ."

ಪರೀಕ್ಷೆಯ ಕೋಣೆ

ಲೆಕ್ಕ ಮಾಡುವಾಗ ತಮಗೆ ತಾವೇ ಬಾಯಿಬಿಟ್ಟು ಪ್ರಶ್ನೆ ಕೇಳಿಕೊಳ್ಳುವುದನ್ನು ಹೇಳಿಕೊಟ್ಟಿದ್ದೆ: ನನಗೇನು ಗೊತ್ತು, ಎಲ್ಲಿ ಸಿಕ್ಕಿಬಿದ್ದೆ, ಮುಂದೇನು? ಪರೀಕ್ಷೆಯಲ್ಲಿ ಬಾಯಿ ಮುಚ್ಚಿಕೊಂಡು ಕೇಳಿಕೊಳ್ಳಬೇಕೆಂದು ಹೇಳಲು ಮರೆತೆ. ಪೂರ್ವಸಿದ್ಧತಾ ಪರೀಕ್ಷೆಯ ದಿನ ಇಡೀ ಕೋಣೆ ಗುಂಯ್ ಎನ್ನತೊಡಗಿತು. ಹೆಡ್‌ಮಾಸ್ತರರು ಓಡಿ ಬಂದರು.

"ಏನ್ಲೇ, ಒಬ್ಬರಿಗೊಬ್ರು ಹೇಳಿಕೊಡಾಕತ್ತೀರೇನು?"

ಕಿಟಕಿ ಹುಡುಗಿ ಎದ್ದು ನಿಂತಳು. "ಇಲ್ರಿ ಸರ್, ನಮಗ ನಾವ ಹೇಳಿಕೊಳ್ಳಾಕತ್ತೀವ್ರಿ."

"ಹಂಗಾದ್ರ ನಿಮಗೂ ಕೇಳದಂಗ ಹೇಳಿಕೊಳ್ರಿ."

ಉಪ್ಪು

ಒಂದು ದಿನ ಅವಳವ್ವ ದೂರು ಹೊತ್ತು ಬಂದಳು. "ಇಕಿಗೆ ಏನ್ ಕಲಿಸೀರಿ ಟೀಚರ್? ಮೊನ್ನಿ ಸಾರಿಗೆ ಉಪ್ಪು ಹೆಚ್ಚಾಗಿತ್ತು. ಸುಮ್ನ ಉಣ್ಣದು ಬಿಟ್ಟು, ಉಪ್ಪು ಹಾಕುವಾಗ ನಿನ್ನ ಮನಸು ಎಲ್ಲಿತ್ತವ್ವಾ ಅಂತಾಳ."

"ನೀವೇನಂದ್ರಿ?"

"ಏನನ್ಲಿ? ನಿನ್ನ ಗಣಿತದಾಗ ಇತ್ತು ಅಂದೆ."

ನನಗೆ ಕಣ್ಣು ತುಂಬಿ ಬಂತು. ಆಕೆ ಮಾತ್ರ ನಕ್ಕಳು. "ಅವಾಗಿಂದ ಉಪ್ಪು ಆಕೀನ ಹಾಕ್ತಾಳ್ರಿ."

ಅಂದಾಜು

ಪರೀಕ್ಷೆಗೆ ಮೊದಲು ತಾವು ಪಾಸೋ ಫೇಲೋ ಎಂದು ಮಕ್ಕಳೇ ಅಂದಾಜು ಹೇಳಬೇಕು, ಆಮೇಲೆ ತಾಳೆ ನೋಡಬೇಕು. ಇದೂ ನನ್ನದೇ ಪದ್ಧತಿ. ಕಿಟಕಿ ಹುಡುಗಿ ಪ್ರತಿ ಸಲ "ಫೇಲ್" ಎನ್ನುತ್ತಿದ್ದಳು, ಪ್ರತಿ ಸಲ ಅದೇ ಆಗುತ್ತಿತ್ತು. "ನಿನ್ನ ಬಗ್ಗೆ ನಿನಗ ಎಷ್ಟು ಚಲೋ ಗೊತ್ತೈತಿ" ಎಂದು ನಾನೂ ಪೆದ್ದಿಯಂತೆ ಹೊಗಳುತ್ತಿದ್ದೆ. ಕೊನೆಯ ಬೋರ್ಡ್ ಪರೀಕ್ಷೆಗೂ ಅದನ್ನೇ ಹೇಳಿ ಹೋದಳು.

ಫಲಿತಾಂಶದ ದಿನ ತಾಯಿ ಮಗಳು ಶಾಲೆಗೆ ಬಂದರು. ನನ್ನ ಮೊಬೈಲಿನಲ್ಲಿ ನೋಡಿದೆ. ಗಣಿತ ಪಾಸು. ನಾನು ಕನಸಿನಲ್ಲಿದ್ದವಳಂತೆ ಮತ್ತೆ ಮತ್ತೆ ನೋಡಿದೆ, ಹಾಗೆಯೇ ಇತ್ತು. ಹುಡುಗಿ ಬಿಕ್ಕಿ ಬಿಕ್ಕಿ ಅಳತೊಡಗಿದಳು.

"ಪಾಸಾಗಿ ಅಳಾಕತ್ತೀಯಲ್ಲ, ಯಾಕ?"

"ನನ್ನ ಅಂದಾಜು ತಪ್ಪಿತ್ರಿ ಟೀಚರ್. ಒಮ್ಮಿನೂ ತಪ್ಪಿದ್ದಿಲ್ಲ."

ಅವ್ವ ಸೆರಗಿನಿಂದ ಅವಳ ಮೂಗು ಒರೆಸಿದಳು. "ಇರ್ಲಿ ಬಿಡವ್ವ. ಪಿಯುಸಿಯಾಗೂ ನಿನ್ನ ಅಂದಾಜು ಹಿಂಗ ತಪ್ಲಿ."