ಗೋರಿಯ ಮಡಕೆಗೆ ನಾನು ಮಾಡಿದ ಶುದ್ಧಿ

ಬ್ಯಾಡಗಿಯಿಂದ ತರಿಸಿದ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕುಳಿತಿದ್ದೆ. ರಾಣೆಬೆನ್ನೂರಿನ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ನಮ್ಮ ಮನೆಯವರು ಚೀಲವೊಂದನ್ನು ಕೂಸಿನಂತೆ ಎದೆಗವಚಿಕೊಂಡು ಓಡಿಬಂದರು.

"ಲೇ, ಸಿಕ್ತು! ಐರಣಿ ಹೊಳಿದಂಡಿಮ್ಯಾಲೆ ನಾ ತೋರಿಸಿದ ಜಾಗಾ ಖರೇನ ಗೋರಿ! ದನಾ ಕಾಯ್ಕೋತ ತಿರುಗೋ ಮಂದೀದಂತ. ಸಾವಿರಾರು ವರ್ಷದ್ದು!"

ಹೊಳೆದಂಡೆಯ ಕಲ್ಲು ನೋಡುತ್ತ ಅಲೆಯುವ ಇವರನ್ನು ಆರು ವರ್ಷ ಊರು 'ಕಲ್ಲು ಮಾಸ್ತರ' ಎಂದು ಗೇಲಿ ಮಾಡಿತ್ತು. ನನಗೂ ಮೈ ಜುಮ್ಮೆಂದಿತು! ಚೀಲದಲ್ಲಿ ಅರ್ಧ ಕಪ್ಪು, ಅರ್ಧ ಕೆಂಪು ಬಣ್ಣದ ಮಡಕೆಯಿತ್ತು.

"ಜ್ವಾಕಿ! ಉಳಿದ ಸಾಮಾನು ತಗೊಂಡು ಗೋರಿ ತೆಗಿಸಿದ ಪ್ರೊಫೆಸರು ಮುಂದಿನ ಬಸ್ಸಿಗೆ ಬರ್ತಾರ, ಕರಕೊಂಡ ಬರ್ತೇನಿ" ಎಂದು ಹೊರಟರು.

ಜೋಪಾನ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಯಾರು! ಗೋರಿಯ ವಸ್ತು, ಅದೂ ಸೋಮವಾರ, ದೇವರಿರುವ ಮನೆಗೆ ಹಾಗೇ ಬರಬಹುದೇ? ಒಳಗಿದ್ದ ಹಿಡಿ ಇದ್ದಿಲನ್ನು ಹಳೆಯ ಸೌಟಿಗೆ ಸುರಿದೆ. ಮಡಕೆಯನ್ನು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದೆ. ಗೋಮೂತ್ರ ಚಿಮುಕಿಸಿದೆ. ಆಮೇಲೆ ಇದ್ದಿಲಿಗೆ ಬೆಂಕಿ ತಾಗಿಸಿ, ಲೋಬಾನ ಉದುರಿಸಿ, ಮಡಕೆಗೆ ಹೊಗೆ ಹಾಕಿದೆ. ಎಷ್ಟು ಚೆನ್ನಾಗಿ ಉರಿಯಿತು!

ಪ್ರೊಫೆಸರು ಬಂದರು. ಪಡಸಾಲೆಯಲ್ಲಿ ಚಹಾ ಹೀರುತ್ತ ಹೇಳಿದರು: "ಮಾಸ್ತರ, ಮಡಕಿ ನೋಡಿ ಅಂದಾಜು ಹೇಳಬಹುದು. ಪಕ್ಕಾ ವಯಸ್ಸು ಹೇಳೋದು ಒಳಗಿನ ಇದ್ಲಿ. ಹಳೇದಾದಂಗ ಅದರಾಗಿನ ಒಂದು ನಮೂನಿ ಕಾರ್ಬನ್ ಕಡಿಮಿ ಆಗ್ತೈತಿ. ಲ್ಯಾಬಿನ್ಯಾಗ ಅಳೀತಾರ."

ಅಡುಗೆಮನೆಯಿಂದ ಇದನ್ನು ಕೇಳಿದವಳೇ ಬಚ್ಚಲಿಗೆ ಓಡಿದೆ.

ಆಗಿನ್ನೂ ನಮ್ಮ ಬಚ್ಚಲಲ್ಲಿ ಕಟ್ಟಿಗೆಯ ಒಲೆ. ಅದರಿಂದ ಹಿಡಿ ಇದ್ದಿಲು ಬಾಚಿ, ಮಡಕೆಗೆ ತುಂಬಿ, ತಂದಿಟ್ಟೆ. ಪ್ರೊಫೆಸರು ಚಿಮಟದಿಂದ ಒಂದೊಂದೇ ತುಣುಕೆತ್ತಿ ಬೆಳ್ಳಿ ಕಾಗದದಲ್ಲಿ ಸುತ್ತತೊಡಗಿದರು. ನಮ್ಮವರು ಅಭಿಷೇಕ ನೋಡುವಂತೆ ಕೈಕಟ್ಟಿ ನಿಂತಿದ್ದರು. ಆ ಮುಖ ನೋಡಿದ ಮೇಲೆ ಸತ್ಯ ನುಂಗಿಕೊಳ್ಳಲಾಗಲಿಲ್ಲ.

"ಸರ್, ಅದು ನಮ್ಮ ಬಚ್ಚಲ ಒಲೀದರಿ."

"ಮತ್ತ ಗೋರೀದು?"

"ಹೊಗಿ ಹಾಕೇನ್ರಿ."

"ಯಾರಿಗ್ರಿ?"

"ಮಡಕೀಗ್ರಿ."

ನಮ್ಮವರು ಕುರ್ಚಿಯಲ್ಲಿ ಕುಸಿದರು. ನಾನು ಬಾಯಿ ಬಿಡದಿದ್ದರೆ, ಆ ಅಲೆಮಾರಿ ಜನ ಹೋದ ಶುಕ್ರವಾರವಷ್ಟೇ ತೀರಿಕೊಂಡರೆಂದು ವಿಜ್ಞಾನವೇ ಸಾರುತ್ತಿತ್ತು!

ಪ್ರೊಫೆಸರು ಮಡಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ತಟಕ್ಕನೆ ಎದ್ದು ನಿಂತರು! ಅಂಟಿದ ಮಣ್ಣು ಹೋಗಿ, ಏಣಿಯಂಥ ಗೀರು ಗುರುತೊಂದು ಮೂಡಿತ್ತು.

"ಮಾಸ್ತರ, ಇದ ಗುರ್ತಿನ ಮಡಕಿ ಬ್ಯಾರೆ ಗೋರಿಯೊಳಗೂ ಸಿಕ್ಕಾವ. ಅವುಗಳ ಕಾಲ ಗೊತ್ತೈತಿ. ಪಕ್ಕಾ ವರ್ಷ ಅಲ್ಲದಿದ್ರೂ ಶತಮಾನದ ಅಂದಾಜು ಸಿಕ್ತು!"

ನಮ್ಮವರ ಮುಖಕ್ಕೆ ಜೀವ ಬಂತು. ಶಿವನೇ, ಅಷ್ಟಾದರೂ ಉಳಿಸಿದೆ! ನನಗೋ, ಕೂಡಲೇ ಹುಮ್ಮಸ್ಸು.

"ಉಳಿದ ಮಡಕಿನೂ ತಿಕ್ಕಿ ಕೊಡ್ಲೇನ್ರಿ?"

"ಬ್ಯಾಡ!" ಇಬ್ಬರೂ ಒಟ್ಟಿಗೇ ಚೀರಿದರು.

ಪ್ರೊಫೆಸರು ದನಿ ತಗ್ಗಿಸಿ, "ನಾಳೆ ಇನ್ನೊಂದು ಗೋರಿ ತೆಗೀತೇವ್ರಿ ಅಕ್ಕಾರ. ಇದ್ಲಿ ಸಿಕ್ಕರ ಕುಣಿಯಿಂದ ಸೀದಾ ನನ್ನ ಚೀಲಕ್ಕ. ನಿಮ್ಮ ಮನೀಗೆ ತರೂದಿಲ್ಲ, ಸಿಟ್ಟಾಗಬ್ಯಾಡ್ರಿ" ಎಂದರು.

ಸಾವಿರಾರು ವರ್ಷ ಮಳೆ, ಮಣ್ಣು, ಹೊಳೆಯ ನೆರೆ ಎಲ್ಲ ಸೇರಿ ಅಳಿಸಲಾರದ್ದನ್ನು ನಾನೊಬ್ಬಳೇ ಒಂದು ಬಸ್ಸು ಬರುವುದರೊಳಗೆ ಮುಗಿಸಿದ್ದೆ! ಯಾರಾದರೂ ಇನ್ನೇನಾದರೂ ಹೇಳುವ ಮೊದಲೇ ರೊಟ್ಟಿಯ ಹಿಟ್ಟು ನಾದಲು ಒಳಗೆ ಹೋದೆ.