ಚೀಟಿಯ ಹಿಂಬದಿಯ ಸಂಸಾರ

ಅಂಗೈ ಅಗಲದ ಮೂರು ಚೀಟಿಗಳು ಕಾಣೆಯಾಗಿದ್ದವು. ಲಾಂಡ್ರಿಯ ಕೌಂಟರ್ ಹುಡುಗಿ ಬೆಳಿಗ್ಗೆ ಒಂಬತ್ತಕ್ಕೆ ಬಂದವಳೇ ದಪ್ಪ ರಿಜಿಸ್ಟರನ್ನು ಎತ್ತಿ ನೋಡಿದಳು, ಕೊಡವಿ ನೋಡಿದಳು, ಕೊನೆಗೆ ತಾನು ಕೂರುವ ಸ್ಟೂಲನ್ನೂ ತಲೆಕೆಳಗು ಮಾಡಿ ನೋಡಿದಳು. ನಿನ್ನೆ ಸಂಜೆ ರಿಜಿಸ್ಟರಿನ ಅಡಿಯಲ್ಲಿ ಜೋಪಾನವಾಗಿಟ್ಟು ಹೋಗಿದ್ದ ಚೀಟಿಗಳವು.

ಅವುಗಳ ಮುಂಬದಿಯಲ್ಲಿ ಅಂಗಡಿ ಯಜಮಾನರ ಸೀಲು, ಸಹಿ ಬಿಟ್ಟರೆ ಏನೂ ಇರಲಿಲ್ಲ. ಇದ್ದದ್ದೆಲ್ಲ ಹಿಂಬದಿಯಲ್ಲಿ. ಒಂದು ಕಾದಂಬರಿ ಓದಿ ಅವಳಿಗೆ ಅನಿಸಿದ್ದನ್ನು ಮೂರು ವಾರ ಕೂತು, ಒಂಬತ್ತು ಸಲ ತಿದ್ದಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಆ ಮೂರು ಚೀಟಿಗಳ ಬೆನ್ನಿಗೆ ಇಳಿಸಿದ್ದಳು. ಸಂಜೆ ಐದಕ್ಕೆ ಲೈಬ್ರರಿಯಲ್ಲಿ ಅದನ್ನು ಹೇಳಬೇಕಿತ್ತು. ಅಲ್ಲಿ ಸಹಾಯಕರ ಕೆಲಸವೊಂದು ಖಾಲಿಯಿತ್ತು. ಗ್ರಂಥಪಾಲಕಿ ಮೇಡಂ ಅರ್ಜಿ ಹಾಕಿದವರಿಗೆಲ್ಲ ಒಂದೇ ಕಾದಂಬರಿ ಓದಲು ಹೇಳಿ, ಯಾರು ಚೆನ್ನಾಗಿ ಮಾತಾಡುತ್ತಾರೋ ಅವರಿಗೇ ಕೆಲಸ ಎಂದಿದ್ದರು. ಮೂರು ವರ್ಷದಿಂದ ಊರವರ ಕಾಲರಿನ ಕೊಳೆ ನೋಡಿ ಹುಡುಗಿಗೆ ಸಾಕುಸಾಕಾಗಿತ್ತು. ಆ ಕೆಲಸ ಅವಳಿಗೆ ಬೇಕೇ ಬೇಕಿತ್ತು.

"ಮಾಮಾ, ಇಲ್ಲಿದ್ದ ಚೀಟಿ ನೋಡಿದ್ರಾ?" ಎಂದು ಕೂಗಿದಳು.

ಒಳಗಿನ ಹಬೆಯಿಂದ ಇಸ್ತ್ರಿ ಮಾಮನ ತಲೆ ಮಾತ್ರ ಹೊರಗೆ ಬಂತು. "ಓ, ಅದಾ? ಮೂರು ಗಂಟಿನ ಚೀಟಿ ನೆನೆದು ಮುದ್ದೆಯಾಗಿತ್ತು. ಅಲ್ಲಿಂದ ಮೂರು ಎಳ್ಕೊಂಡು ನಂಬರ್ ಬರೆದು ಪಿನ್ ಹೊಡೆದೆ. ಬೆಳಿಗ್ಗೆ ಆರಕ್ಕೇ ಮನೆಮನೆಗೆ ಕೊಟ್ಟೂ ಬಂದೆ."

"ಹಿಂದೆ ಬರೆದಿದ್ದು ಕಾಣಿಸ್ಲಿಲ್ವಾ?"

"ನಾನು ನಂಬರ್ ನೋಡೋನು ಕಣಮ್ಮ ಪಂಡಿತೆ. ಅಕ್ಷರ ನೋಡೋದು ನಿನ್ನ ಕೆಲಸ."

ಅವನನ್ನು ಬೈದು ಪ್ರಯೋಜನವಿರಲಿಲ್ಲ. ಆ ಅಂಗಡಿಯ ಪದ್ಧತಿಯೇ ಹಾಗೆ. ಯಜಮಾನರು ಬೆಳಿಗ್ಗೆ ಕೂತು ಇಡೀ ಕಟ್ಟು ಖಾಲಿ ಚೀಟಿಗಳಿಗೆ ಸೀಲು ಒತ್ತಿ ಸಹಿ ಹಾಕಿಬಿಡುತ್ತಿದ್ದರು. ಆಮೇಲೆ ದಿನವಿಡೀ ಯಾರು ಬೇಕಾದರೂ ಒಂದು ಎಳೆದುಕೊಂಡು ನಂಬರ್ ಬರೆಯಬಹುದು. ಇನ್ನೊಬ್ಬರಾದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಹುಡುಗಿ ಪೆನ್ನನ್ನು ಜಡೆಗೆ ಸಿಕ್ಕಿಸಿಕೊಂಡು ಚಪ್ಪಲಿ ಮೆಟ್ಟಿದಳು.

"ಯಾರ್ಯಾರ ಮನೆ ಹೇಳಿ."

"ಒಂದು ಗಾರ್ಡ್ ಸಾಹೇಬರ ಕೋಟು. ಒಂದು ಹಲ್ಲಿನ ಡಾಕ್ಟರ ಬಿಳಿ ಅಂಗಿ. ಇನ್ನೊಂದು... ಇನ್ನೊಂದು ಯಾರದಪ್ಪಾ?" ಮಾಮ ಕತ್ತು ಕೆರೆದುಕೊಂಡ. "ಉಣ್ಣೆದು. ಯಾರದ್ದೋ ಉಣ್ಣೆದು."

ಅಷ್ಟರಲ್ಲಿ ಮಹಡಿಯ ಮೆಟ್ಟಿಲಿನಿಂದ ಯಜಮಾನರ ಹೆಂಡತಿಯ ದನಿ ಕೇಳಿತು. "ನಿಮ್ಮ ಯಜಮಾನರಿಗೆ ಹೇಳಮ್ಮ, ತಿಂಡಿ ಮೇಜಿನ ಮೇಲಿದೆ."

ಯಜಮಾನರು ಅದೇ ಮೆಟ್ಟಿಲಿನ ಬುಡದಲ್ಲೇ ನಿಂತಿದ್ದರು. "ಅಮ್ಮಾವ್ರಿಗೆ ಹೇಳಮ್ಮ, ಬಂದೆ ಅಂತ."

ನಾಲ್ಕು ತಿಂಗಳಿಂದ ಇದೇ ಆಗಿತ್ತು. ತಂಗಿಯ ಮನೆಯಿಂದ ಹೆಂಡತಿ ಬರುವ ದಿನ ಯಜಮಾನರು ಸ್ಟೇಷನ್ನಿಗೆ ಹೋಗಲು ಮರೆತರು. ಎರಡು ಪೆಟ್ಟಿಗೆ ಹೊತ್ತು ನಡೆದು ಬಂದವರಿಗೆ "ಹೇಳಿದ್ರೆ ಬರ್ತಿದ್ನಲ್ಲ" ಎಂದರು. ಆಕೆ ಹೇಳಿದ್ದರು, ಎರಡು ಸಲ ಹೇಳಿದ್ದರು. ಮೂರನೆಯ ಸಲ ಹೇಳುವ ಗೋಜಿಗೆ ಹೋಗದೆ ಮಾತನ್ನೇ ಬಿಟ್ಟರು. ಅಂದಿನಿಂದ ಇಬ್ಬರ ನಡುವೆ ಮಾತು ಹೊರುವ ಕೆಲಸ ಕೌಂಟರ್ ಹುಡುಗಿಯ ಪಾಲಿಗೆ ಬಂದಿತ್ತು. ಕಾದಂಬರಿಯ ಗಂಡಹೆಂಡತಿ ಮಾತು ಬಿಟ್ಟ ಅಧ್ಯಾಯ ಓದಿ ಕಣ್ಣೊರೆಸಿಕೊಳ್ಳುವಾಗಲೆಲ್ಲ ಇವರಿಬ್ಬರೂ ನಡುವೆ ಬಾಯಿ ಹಾಕಿ ಓದು ಕೆಡಿಸುತ್ತಾರೆಂದು ಅವಳಿಗೆ ಸಿಟ್ಟೂ ಬರುತ್ತಿತ್ತು.

"ಅಮ್ಮಾ, ಬರ್ತಾರಂತೆ. ಯಜಮಾನ್ರೇ, ತಿಂಡಿಯಂತೆ. ನಾನು ಅರ್ಧ ದಿನ ರಜಾ," ಎಂದು ಒಂದೇ ಉಸಿರಿಗೆ ಹೇಳಿ ಅವಳು ಬೀದಿಗಿಳಿದಳು.

ಗಾರ್ಡ್ ಸಾಹೇಬರು ರೈಲ್ವೆ ಕೆಲಸದಿಂದ ನಿವೃತ್ತರಾಗಿ ಆರು ವರ್ಷವಾಗಿತ್ತು. ಅವರ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಪಕ್ಕದ ಮನೆಯ ಇಬ್ಬರು ಹೆಂಗಸರು ಗೋಡೆಯ ಕನ್ನಡಿಯ ಮುಂದೆ ನಿಂತಿದ್ದರು. ಕನ್ನಡಿಯ ಚೌಕಟ್ಟಿಗೆ ಚೀಟಿಯನ್ನು ಸಿಕ್ಕಿಸಲಾಗಿತ್ತು. ಗಾರ್ಡ್ ಸಾಹೇಬರ ಹೆಂಡತಿ ಅದನ್ನು ಗಟ್ಟಿಯಾಗಿ ಓದುತ್ತಿದ್ದರು.

"'ಈ ಗಂಡ ಕೆಟ್ಟವನಲ್ಲ. ಹೆಂಡತಿ ಮಾತಾಡುವಾಗ ಪೇಪರ್ ಓದುತ್ತಾನೆ. ಪೇಪರ್ ಮುಗಿದರೆ ಜಾಹೀರಾತು ಓದುತ್ತಾನೆ. ಇಂಥವನ ಜೊತೆ ಅವಳು ಇಷ್ಟು ವರ್ಷ ಬಾಳಿದ್ದು ಪ್ರೀತಿಯಿಂದಲ್ಲ, ಹಟದಿಂದ.' ಕೇಳಿದ್ರಾ? ಮೂವತ್ತು ವರ್ಷದಿಂದ ನಾನು ಬಾಯಿ ಬಡ್ಕೋತಿದ್ದೆ. ಲಾಂಡ್ರಿಯವರಿಗೆ ಗೊತ್ತಾಗಿದೆ, ಇವರಿಗೆ ಗೊತ್ತಾಗಿಲ್ಲ!"

ಸಾಹೇಬರು ಮೂಲೆಯ ಕುರ್ಚಿಯಲ್ಲಿ ಮಡಿಸಿದ ಪೇಪರನ್ನು ತೊಡೆಯ ಕೆಳಗಿಟ್ಟುಕೊಂಡು ಸಿಕ್ಕಿಬಿದ್ದ ಕಳ್ಳನಂತೆ ಕೂತಿದ್ದರು.

"ಅದು ತಪ್ಪಿ ಬಂದಿದ್ದು ಅಮ್ಮಾ. ಒಂದು ಪುಸ್ತಕದ ಬಗ್ಗೆ ಬರೆದಿದ್ದು. ನನಗೆ ವಾಪಸ್ ಬೇಕು."

"ಪುಸ್ತಕದ ಬಗ್ಗೆನಾ? ನಮ್ಮ ಮನೆಗೆ ಬಂದು ನೋಡಿದ ಹಾಗೆ ಬರೆದಿದಾರೆ! ಕೊಡಲ್ಲಮ್ಮ. ಇದಕ್ಕೆ ಕಟ್ಟು ಹಾಕಿಸ್ತೀನಿ."

ಪಕ್ಕದ ಮನೆಯವರು ತಮ್ಮ ಬಟ್ಟೆಗಳ ಜೊತೆಗೂ ಇಂಥದ್ದು ಬರುತ್ತದೆಯೇ ಎಂದು ವಿಚಾರಿಸಿದರು. ಹುಡುಗಿ ಅವರನ್ನು ಸರಿಸಿ ಕನ್ನಡಿಯ ಮುಂದೆ ನಿಂತು, ಜಡೆಯಿಂದ ಪೆನ್ನು ಕಿತ್ತು, ಎಡಗೈ ಮೇಲೆ ಮಣಿಕಟ್ಟಿನಿಂದ ಮೊಣಕೈವರೆಗೂ ತನ್ನ ಮಾತನ್ನೇ ತಾನು ನಕಲು ಮಾಡಿಕೊಂಡಳು. ಚೀಟಿ ಅವರಿಗಿರಲಿ, ಮಾತು ತನಗೆ ಸಿಕ್ಕಿದರೆ ಸಾಕು.

ಹಲ್ಲಿನ ಡಾಕ್ಟರ ಬಳಿ ಹೋದಾಗ ಹನ್ನೊಂದೂವರೆ. ಕುರ್ಚಿಯಲ್ಲಿ ಒಬ್ಬ ರೋಗಿ ಬಾಯಿ ತೆರೆದುಕೊಂಡು ಮಲಗಿದ್ದ. ಡಾಕ್ಟರು ಅವನನ್ನು ಮರೆತು ಅಪಾಯಿಂಟ್‌ಮೆಂಟ್ ಡೈರಿಯ ಪುಟ ಎಣಿಸುತ್ತಿದ್ದರು.

"ಲಾಂಡ್ರಿಯಿಂದ ತಾನೆ? ಬಾ ಒಳಗೆ!" ಎಂದು ಬಾಗಿಲು ಹಾಕಿದರು. "ನಿಮ್ಮ ಯಜಮಾನರಿಗೆ ಇದೆಲ್ಲ ಹೇಗೆ ಗೊತ್ತಾಯ್ತು? 'ನೂರಾ ನಲವತ್ತನೇ ಪುಟದ ಮೇಲೂ ಇವನನ್ನು ನಂಬುವವರು ಯಾರು? ಇವನು ಹೇಳಿದ್ದೆಲ್ಲ ಸುಳ್ಳು. ಹೆಂಡತಿಗೆ ಗೊತ್ತಿದೆ, ಗೊತ್ತಿದ್ದೂ ಸುಮ್ಮನಿದ್ದಾಳೆ.' ಈ ಡೈರಿಯ ನೂರಾ ನಲವತ್ತನೇ ಪುಟ ತೆಗೆದು ನೋಡಿದೆ. ಭಾನುವಾರ! ಎದೆ ಧಸಕ್ಕಂತು."

"ಭಾನುವಾರ ಏನು ಡಾಕ್ಟ್ರೇ?"

"ಭಾನುವಾರ ನಮ್ಮತ್ತೆ ಬರ್ತಾರೆ. ನಾನು ಅರ್ಜೆಂಟ್ ರೋಗಿ ಇದಾರೆ ಅಂತ ಇಲ್ಲಿಗೆ ಬಂದು, ಈ ಕುರ್ಚಿ ಚಾಚ್ಕೊಂಡು ನಿದ್ದೆ ಹೊಡೀತೀನಿ. ಎರಡು ವರ್ಷದಿಂದ. ಅವಳಿಗೆ ಹೇಗೂ ಗೊತ್ತಿದೆಯಲ್ಲ ಅಂತ ಫೋನ್ ಮಾಡಿ ಎಲ್ಲಾ ಒಪ್ಕೊಂಡುಬಿಟ್ಟೆ."

"ಒಳ್ಳೇದೇ ಆಯ್ತಲ್ಲ?"

"ಅವಳಿಗೆ ಏನೂ ಗೊತ್ತಿರ್ಲಿಲ್ಲ ಕಣಮ್ಮ! ಈಗ ಗೊತ್ತಾಯ್ತು!"

ಕುರ್ಚಿಯ ರೋಗಿ "ಆ, ಆ" ಎಂದು ಏನೋ ಸಲಹೆ ಕೊಟ್ಟ. ಡಾಕ್ಟರು ಚೀಟಿಯನ್ನು ಸಾಕ್ಷಿಗೆ ಬೇಕೆಂದು ಜೇಬಿಗೆ ಹಾಕಿಕೊಂಡಿದ್ದರು. ಕೊಡುವುದಿಲ್ಲವೆಂದರು. ಹುಡುಗಿ ಬಲಗೈ ಮುಂದೆ ಚಾಚಿ, "ಹಾಗಾದ್ರೆ ಇದರ ಮೇಲೆ ಬರೆದುಕೊಡಿ. ನನಗೆ ಎಡಗೈಲಿ ಬರೆಯೋಕೆ ಬರಲ್ಲ" ಎಂದಳು. ಡಾಕ್ಟರು ಬರೆದರು. ಆದರೆ ಅದು ಡಾಕ್ಟರ ಅಕ್ಷರ. ಹೊರಗೆ ಬಂದು ಓದಲು ಹೋದರೆ ಅಲ್ಲಿ ಏನೂ ಅರ್ಥವಾಗಲಿಲ್ಲ. ಪುಣ್ಯಕ್ಕೆ ಅವರು ಗಟ್ಟಿಯಾಗಿ ಓದಿದ್ದು ಕಿವಿಯಲ್ಲಿತ್ತು.

ಮೂರನೆಯದಕ್ಕಾಗಿ ಅವಳು ಉಣ್ಣೆ ಬಟ್ಟೆ ಕೊಟ್ಟ, ತನಗೆ ನೆನಪಿದ್ದ ಏಳು ಮನೆಗಳ ಬಾಗಿಲು ತಟ್ಟಿದಳು. ಒಂದು ಮನೆಯಲ್ಲಿ ಕಂಬಳಿ ಬಂದಿಲ್ಲವೆಂದು ಬೈದರು, ಇನ್ನೊಂದರಲ್ಲಿ ಬೇರೆಯವರ ಕಂಬಳಿ ಬಂದಿದೆಯೆಂದು ಬೈದರು. ನಾಯಿಯೊಂದು ಅವಳನ್ನು ಎರಡು ಬೀದಿ ಓಡಿಸಿತು. ನಾಲ್ಕೂವರೆಗೆ ಕಾಲು ಸೋತು ಒಂದು ಕಟ್ಟೆಯ ಮೇಲೆ ಕೂತಳು. ಸೋತದ್ದು ಕಾಲು ಮಾತ್ರ. "ಆ ಮಾತು ನನ್ನ ತಲೆಯಿಂದ ಬಂದದ್ದಲ್ಲವೇ? ಇನ್ನೊಂದು ಸಲ ಬರಲಿ" ಎಂದು ಕಣ್ಣು ಮುಚ್ಚಿ ಕೂತಳು. ಕಾದಂಬರಿಯ ಕೊನೆಯ ಪುಟವನ್ನು ಮನಸ್ಸಿನಲ್ಲೇ ತಿರುವಿದಳು. ಓದಿದ ದಿನ ಬಂದಿದ್ದ ಸಿಟ್ಟು ಮತ್ತೆ ಬಂತು, ಅದರ ಹಿಂದೆಯೇ ಮಾತುಗಳೂ ಬಂದವು. ಎದ್ದು ಲೈಬ್ರರಿಗೆ ಓಡಿದಳು.

ಲೈಬ್ರರಿಯ ಉದ್ದ ಮೇಜಿನ ಸುತ್ತ ಹತ್ತು ಹದಿನೈದು ಜನ ಸೇರಿದ್ದರು. ಅರ್ಜಿ ಹಾಕಿದ್ದ ಇನ್ನೊಬ್ಬ, ನೀಟಾಗಿ ತಲೆ ಬಾಚಿದ ಯುವಕ, ಕಾದಂಬರಿಯ ಹಿಂದಿನ ರಟ್ಟಿನಲ್ಲಿ ಅಚ್ಚಾಗಿದ್ದದ್ದನ್ನು ಬಾಯಿಪಾಠ ಒಪ್ಪಿಸಿ ಕೂತ. ಹುಡುಗಿ ಎದ್ದು ನಿಂತಳು. ಒಂದು ಕೈ ನೋಡಿಕೊಂಡು ಶುರು ಮಾಡಿ, ಇನ್ನೊಂದು ಕೈ ನೋಡಿ ತಡವರಿಸಿ, ಕೊನೆಗೆ ಎರಡೂ ಕೈ ಕೆಳಗಿಳಿಸಿ ಹೇಳಿದಳು: "ಇಬ್ಬರೂ ಒಬ್ಬರ ಮಾತಿಗೆ ಒಬ್ಬರು ಕಾದರು. ಮೊದಲು ಮಾತಾಡಿದವರು ಸೋತ ಹಾಗೆ ಅಂತ ಇವರಿಗೆ ಯಾರು ಹೇಳಿಕೊಟ್ಟರೋ. ಕಾದಂಬರಿ ಮುಗಿದಾಗ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಒಂದೇ ಒಂದು ಮಾತು ಸಾಕಿತ್ತು ಈ ಮನೆ ಉಳಿಯೋದಕ್ಕೆ."

ಮೇಜಿನ ಸುತ್ತ ಇಬ್ಬರು ಮೂವರು ತಲೆದೂಗಿದರು. ಕೆಲಸ ತನ್ನದಾಯಿತೆಂದು ಅವಳಿಗೆ ಖಾತ್ರಿಯಾಯಿತು.

ಗ್ರಂಥಪಾಲಕಿ ಮೇಡಂ ತಮ್ಮ ಬೂದು ಬಣ್ಣದ ಉಣ್ಣೆಯ ಶಾಲನ್ನು ಸರಿಮಾಡಿಕೊಂಡು, ಡ್ರಾಯರಿನಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟರು. "ಇದು ಬೆಳಿಗ್ಗೆ ನನ್ನ ಶಾಲಿನ ಜೊತೆ ಬಂತು. ನೀನು ಕೊನೆಗೆ ಹೇಳಿದ್ದು ಅಕ್ಷರಕ್ಕೆ ಅಕ್ಷರ ಇದರಲ್ಲಿದೆ. ಸೀಲು, ಸಹಿ ನಿಮ್ಮ ಯಜಮಾನರದು."

"ಬರೆದದ್ದು ನಾನು ಮೇಡಂ!"

"ಪುಸ್ತಕ ತಗೊಂಡಿದ್ದು ಯಾರ ಕಾರ್ಡಿನ ಮೇಲೆ?"

ಅವಳಂಥ ಬಾಡಿಗೆ ಕೋಣೆಯವರಿಗೆ ಲೈಬ್ರರಿ ಕಾರ್ಡು ಕೊಡುತ್ತಿರಲಿಲ್ಲ. "ಯಜಮಾನರ ಕಾರ್ಡು," ಎಂದಳು ಸಣ್ಣ ದನಿಯಲ್ಲಿ. "ಆದರೆ ಅಕ್ಷರ ನೋಡಿ, ನನ್ನದು."

"ನನ್ನ ಪತ್ರಗಳನ್ನ ಟೈಪಿಸ್ಟ್ ಹೊಡೀತಾಳೆ. ಅವು ಅವಳ ಪತ್ರ ಆಗತ್ತಾ? ಅವರನ್ನೇ ಕೇಳಿಬಿಡೋಣ. ಅಲ್ಲೇ ಬಂದಿದಾರಲ್ಲ."

ಹುಡುಗಿ ತಿರುಗಿ ನೋಡಿದಳು. ಹಿಂದಿನ ಸಾಲಿನಲ್ಲಿ ಯಜಮಾನರು ಇಸ್ತ್ರಿ ಮಾಡಿದ ಕೋಟು ತೊಟ್ಟು ಕೂತಿದ್ದರು. ಪಕ್ಕದಲ್ಲಿ ಅವರ ಹೆಂಡತಿ! ಇಬ್ಬರ ನಡುವೆ ಖಾಲಿ ಕುರ್ಚಿಯೂ ಇರಲಿಲ್ಲ. ಅವಳಿಗೆ ಜೀವ ಬಂದಂತಾಯಿತು. ಯಜಮಾನರು ಹುಟ್ಟಿದಾರಭ್ಯ ಒಂದು ಪುಸ್ತಕ ಓದಿದವರಲ್ಲ, ಸುಳ್ಳು ಹೇಳಿದವರೂ ಅಲ್ಲ. "ಯಜಮಾನ್ರೇ, ಹೇಳಿ!" ಎಂದಳು.

ಯಜಮಾನರು ಎದ್ದು ಬಂದು ಅವಳನ್ನು ಕಪಾಟಿನ ಮರೆಗೆ ಕರೆದರು. "ಗಾರ್ಡ್ ಸಾಹೇಬರ ಮನೆಯವರು, ಅವರ ಪಕ್ಕದವರು, ಎಲ್ಲಾ ಅಂಗಡಿಗೆ ಬಂದು ಹೊಗಳಿದರು ಕಣಮ್ಮ. ಮೇಡಂ ಅಂತೂ ಫೋನ್ ಮಾಡಿ ಚೀಟಿ ಪೂರ್ತಿ ಓದಿ ಹೇಳಿ, ಸಂಜೆ ಇಲ್ಲಿಗೆ ಬನ್ನಿ ಅಂತ ಕರೆದರು. ಫೋನ್ ತೆಗೆದಿದ್ದು ನಮ್ಮನೆಯವಳು. ಕೆಳಗೆ ಬಂದವಳೇ 'ನೀವು ಬರೆದದ್ದಾ?' ಅಂತ ಕೇಳಿದಳು. ನನ್ನನ್ನ ಕೇಳಿದಳಮ್ಮ, ನಾಲ್ಕು ತಿಂಗಳ ಮೇಲೆ! ಬಾಯಿ ತಪ್ಪಿ ಹೌದು ಅಂದುಬಿಟ್ಟೆ." ಅವರ ಕಣ್ಣು ಒದ್ದೆಯಾಗಿತ್ತು. "ಈಗ ಅಲ್ಲ ಅಂದ್ರೆ ಇನ್ನು ಈ ಜನ್ಮದಲ್ಲಿ ಅವಳು ಮಾತಾಡಲ್ಲ. ಆದರೂ ನಿನ್ನ ಕೆಲಸದ ವಿಷಯ. ನೀನು ಹೇಳಿದ ಹಾಗೆ ಮಾಡ್ತೀನಿ."

ಒಂದೇ ಒಂದು ಮಾತು ಸಾಕಿತ್ತು ಎಂದು ಈಗ ತಾನೆ ಹತ್ತು ಜನರ ಮುಂದೆ ಗಂಟಲು ಹರಿದುಕೊಂಡು ಹೇಳಿದ್ದು ಹುಡುಗಿಯೇ. ಆ ಒಂದು ಮಾತು ತನ್ನ ಕೆಲಸವನ್ನೇ ನುಂಗುತ್ತದೆಂದು ಯಾರಿಗೆ ಗೊತ್ತಿತ್ತು? ಹಲ್ಲು ಕಚ್ಚಿಕೊಂಡು ಮೇಜಿನ ಬಳಿ ಬಂದಳು.

"ಯಜಮಾನರದೇ ಮೇಡಂ. ನಾನು ಬರೀ ಬರೆದುಕೊಂಡೆ."

"ಒಪ್ಕೊಂಡಿದ್ದು ಒಳ್ಳೇದಾಯ್ತು," ಎಂದರು ಮೇಡಂ. "ಆದರೆ ಇಲ್ಲಿಗೆ ಸ್ವಂತ ಬುದ್ಧಿಯಿಂದ ಮಾತಾಡೋರು ಬೇಕು." ಕೆಲಸ ತಲೆ ಬಾಚಿದ ಯುವಕನಿಗೆ ಹೋಯಿತು. ಯಜಮಾನರಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಹುಡುಗಿಯೂ ತಟ್ಟಿದಳು, ಬೆವರಿಗೆ ಕರಗಿ ಅಂಗೈಗಿಳಿದ ಶಾಯಿ ಪಕ್ಕದವರಿಗೆಲ್ಲ ಸಿಡಿಯಿತು.

ಹೊರಗೆ ಮೆಟ್ಟಿಲಿನ ಮೇಲೆ ಯಜಮಾನರ ಹೆಂಡತಿ ಅವಳ ತೋಳು ಹಿಡಿದು ನಿಲ್ಲಿಸಿದರು. ಗಂಡ ಇನ್ನೂ ಒಳಗೆ ಅಭಿನಂದನೆ ಸ್ವೀಕರಿಸುತ್ತಿದ್ದರು.

"ಅವರು ಬರೆದದ್ದಲ್ಲ ಅಂತ ನನಗೆ ಗೊತ್ತು ಕಣೇ."

ಹುಡುಗಿ ಬೆಪ್ಪಾಗಿ ನೋಡಿದಳು. "ಗೊತ್ತಿತ್ತಾ? ಹಾಗಾದ್ರೆ ಒಳಗೆ ಯಾಕೆ ಹೇಳ್ಲಿಲ್ಲ ಅಮ್ಮಾ?"

"ಹೇಳಿದ್ರೆ ಅವರ ಮರ್ಯಾದೆ ಏನಾಗ್ತಿತ್ತು? ನನಗೂ ಮಾತಾಡೋಕೆ ಒಂದು ನೆಪ ಬೇಕಿತ್ತು. ನಾಲ್ಕು ತಿಂಗಳು ಸುಮ್ಮನಿರೋದು ಅಂದ್ರೆ ಹುಡುಗಾಟನಾ? ನಿನ್ನ ಕೆಲಸ ಹೋಗಿದ್ದಕ್ಕೆ ನನಗೆ ಬೇಜಾರಿದೆ. ಈಗ ಕೇಳು. 'ನಾಳೆ ನಿನಗೆ ಅಂತ್ಲೇ ಇನ್ನೊಂದು ಬರೀತೀನಿ' ಅಂತ ಅವರು ನನಗೆ ಮಾತು ಕೊಟ್ಟಿದಾರೆ. ಅಂದ್ರೆ ನೀನು ಬರೀಬೇಕು."

"ಸರಿ," ಎಂದಳು ಹುಡುಗಿ. ಮಾಡಿದ್ದು ಅರ್ಧಕ್ಕೆ ನಿಲ್ಲಬಾರದು. ಈ ಸಂಸಾರವಾದರೂ ಕಾದಂಬರಿಯ ಹಾಗೆ ಮುಗಿಯಬಾರದೆಂದು ಅವಳು ನಿರ್ಧರಿಸಿಬಿಟ್ಟಿದ್ದಳು. "ಬರೀತೀನಿ."

"ಅವರು ಬರೆದ ಮೇಲೆ ನಾನು ಉತ್ತರ ಕೊಡಬೇಕಲ್ಲ?" ಆಕೆ ಸುತ್ತ ನೋಡಿ ದನಿ ತಗ್ಗಿಸಿದರು. "ನನಗೂ ಅಷ್ಟು ಚೆನ್ನಾಗಿ ಬರೆಯೋಕೆ ಬರಲ್ಲ. ಅದನ್ನೂ ನೀನೇ ಬರೆದುಬಿಡು."

ಹುಡುಗಿ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು.

"ಮೊದಲು ಯಾರದು ಬರೀಲಿ ಅಮ್ಮಾ?"

"ಅವರದೇ ಮೊದಲು," ಎಂದರು ಆಕೆ, ಸೆಟೆದು ನಿಂತು. "ಇವತ್ತು ಮೊದಲು ಮಾತಾಡಿದ್ದು ನಾನು. ಎರಡು ಸಲ ನಾನೇ ಮೊದಲು ಮಾತಾಡೋಕಾಗತ್ತಾ?"