ಬೊಟ್ಟಿಟ್ಟ ಬಾಟಲಿಗಳು

ಖಾಲಿ ಬಾಟಲಿ ಬಿಸಾಡುವ ಅಭ್ಯಾಸ ನಮ್ಮ ವಂಶದಲ್ಲೇ ಇಲ್ಲ. ಜ್ಯೂಸು ಮುಗಿದರೆ ಅದಕ್ಕೆ ಸೀಮೆಎಣ್ಣೆ, ಜೇನುತುಪ್ಪ ಮುಗಿದರೆ ಬ್ರೇಕ್ ಆಯಿಲ್, ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ನೀರು ಮುಗಿದರೆ ಪೇಂಟಿಗೆ ಬೆರೆಸುವ ಥಿನ್ನರ್. ಕಡೂರಿನ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಕಾರಿಗಿಂತ ಬಾಟಲಿಗಳದ್ದೇ ದರ್ಬಾರು. ಸಿಂಗಟಗೆರೆಯ ತೆಂಗಿನ ತೋಟಕ್ಕೆ ಹೊಡೆಯುವ ಕಳೆನಾಶಕವೂ ಅಲ್ಲೇ, ಯಾವುದೋ ಶರಬತ್ತಿನ ಬಾಟಲಿಯಲ್ಲಿ. ಇಷ್ಟಕ್ಕೂ ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳುವವನು. ಇದನ್ನು ಈಗಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು, ಆಮೇಲೆ ಗೊತ್ತಾದರೆ ನೀವು ಇನ್ನೂ ಹೆಚ್ಚು ನಗುತ್ತೀರಿ.

ಒಂದು ಭಾನುವಾರ ನಾಲ್ಕು ವರ್ಷದ ಮಗಳು ಚಿನ್ನಿ ಶೆಡ್ಡಿನಿಂದ ನೀರಿನ ಬಾಟಲಿ ತಂದು ಗೊಂಬೆಗೆ ಕುಡಿಸುತ್ತಾ ಕೂತಿದ್ದಳು. ಗೊಂಬೆಯ ತುಟಿಯ ಬಣ್ಣ ಕರಗಿ ಗದ್ದಕ್ಕೆ ಇಳಿದಿತ್ತು. ಒಳಗಿದ್ದದ್ದು ಥಿನ್ನರ್. ಗೊಂಬೆಯ ನಂತರ ಯಾರ ಸರದಿಯಿತ್ತು ಎಂದು ಹೊಳೆದದ್ದೇ ಬಾಟಲಿ ಕಿತ್ತುಕೊಂಡೆ. "ಊರ ಮಕ್ಕಳಿಗೆಲ್ಲ ಆಸಿಡ್ ಮುಟ್ಬೇಡಿ ಅಂತೀರಿ, ಮನೇಲಿ ಇದೇನ್ರೀ?" ಎಂದು ಹೆಂಡತಿ ಶಾರದಾ ಅತ್ತೇಬಿಟ್ಟಳು.

ಅಂದೇ ಕೂತು ಹನ್ನೊಂದು ಬಾಟಲಿಗಳಿಗೂ ಲೇಬಲ್ ಅಂಟಿಸಿದೆ. ಇಂಗ್ಲಿಷಿನಲ್ಲಿ, ಕೆಲವಕ್ಕೆ ರಾಸಾಯನಿಕ ಸೂತ್ರದ ಸಮೇತ. ಎಲ್ಲವನ್ನೂ ಎತ್ತರದ ಹಲಗೆಗೆ ಏರಿಸಿದೆ. ಅಕ್ಷರ ಬಾರದ ಮಗಳಿಗಾಗಲಿ, ಇಂಗ್ಲಿಷ್ ಬಾರದ ಅವ್ವನಿಗಾಗಲಿ ಆ ಸೂತ್ರದಿಂದ ಏನು ಪ್ರಯೋಜನ ಎಂಬ ಪ್ರಶ್ನೆ ನನ್ನಲ್ಲಿ ಏಳಲೇ ಇಲ್ಲ.

ಆಯುಧಪೂಜೆಗೆ ಅವ್ವ ಸಿಂಗಟಗೆರೆಯಿಂದ ಬಂದಳು. ನಾನು ಕಾಲೇಜಿನ ಲ್ಯಾಬಿನ ಪೂಜೆ ಮುಗಿಸಿ ಬರುವಷ್ಟರಲ್ಲಿ ಶೆಡ್ಡು ಥಳಥಳ ಹೊಳೆಯುತ್ತಿತ್ತು. ಕಾರು, ಜಾಕು, ಸ್ಪ್ಯಾನರು, ಗುದ್ದಲಿ ಎಲ್ಲಕ್ಕೂ ವಿಭೂತಿ, ಕುಂಕುಮ. ಗೋಡೆಯ ಬದಿಗೆ ಹನ್ನೊಂದು ಬಾಟಲಿಗಳು ಮಿಂದು ಮಡಿಯುಟ್ಟು ಸಾಲಾಗಿ ನಿಂತಿದ್ದವು, ಪ್ರತಿಯೊಂದಕ್ಕೂ ಕಾಸಗಲದ ಬೊಟ್ಟು. ಲೇಬಲ್ ಒಂದೂ ಇಲ್ಲ.

"ಅವ್ವಾ, ಚೀಟಿ ಎಲ್ಲವ್ವಾ?"

"ಯಾವ ಚೀಟೀನೋ? ಅಂಟಂಟು ಕಾಗದ ಮೆತ್ಕಂಡಿತ್ತು. ನೆನೆಹಾಕಿ ಉಜ್ಜುಜ್ಜಿ ತೆಗೆಯೋ ಹೊತ್ಗೆ ಸಾಕಾಗೋಯ್ತು ಕಣೋ." ಆಮೇಲೆ ಚಿನ್ನಿಯ ಕಡೆ ತಿರುಗಿ, "ನೋಡವ್ವಾ, ಬೊಟ್ಟಿಟ್ಟಿರೋದೆಲ್ಲ ದೇವ್ರದು. ಮುಟ್ಬಾರ್ದು" ಎಂದಳು.

ನಾನು ಒಂದೊಂದೇ ಮುಚ್ಚಳ ತೆಗೆದು ಮೂಸತೊಡಗಿದೆ. ಮೂಸಿ ನೋಡಬೇಡಿ ಎಂದು ಲ್ಯಾಬಿನಲ್ಲಿ ಕಿರುಚುವವನೂ ನಾನೇ. ಮೊದಲನೆಯದು ಸೀಮೆಎಣ್ಣೆ ಅನ್ನಿಸಿತು, ಎರಡನೆಯದೂ ಹಾಗೇ ಅನ್ನಿಸಿತು, ನಾಲ್ಕನೆಯದಕ್ಕೆ ಬರುವಾಗ ಪಕ್ಕದ ಊದುಬತ್ತಿಯೂ ಸೀಮೆಎಣ್ಣೆಯೇ ಆಗಿತ್ತು. ಬಣ್ಣವಿಲ್ಲದವು ಮೂರಿದ್ದವು. ಒಂದು ಬ್ಯಾಟರಿ ನೀರು ಇರಬೇಕು. ಇಲ್ಲ, ಅದು ಹೋದ ವರ್ಷವೇ ಮುಗಿದಿತ್ತೇ? ತಲೆ ಕೆಟ್ಟು, ಬೆಳಕಿನಲ್ಲಿ ನೋಡೋಣವೆಂದು ಅವುಗಳಲ್ಲೊಂದನ್ನು ಒಳಗೆ ತಂದು ಊಟದ ಮೇಜಿನ ಮೇಲಿಟ್ಟೆ.

ಅಷ್ಟರಲ್ಲಿ ಶಾರದಾ ಊಟಕ್ಕೆ ಕರೆದಳು. ಬಿಸಿ ಹೋಳಿಗೆ, ತುಪ್ಪ. ಬಾಟಲಿ ಮರೆತೇಹೋಯಿತು. ಎರಡನೆಯ ಹೋಳಿಗೆ ಗಂಟಲಿಗೆ ಸಿಕ್ಕಿಕೊಂಡಿತು. ಕಣ್ಣಲ್ಲಿ ನೀರು. ಕೈಗೆ ಸಿಕ್ಕ ಬಾಟಲಿ ಎತ್ತಿ ಮುಚ್ಚಳ ತಿರುಗಿಸಿದೆ.

"ಅಪ್ಪಾ, ಬೊಟ್ಟೈತೆ! ದೇವ್ರದು!" ಚಿನ್ನಿ ಕಿರುಚಿ ನನ್ನ ತೋಳು ಹಿಡಿದು ಜಗ್ಗಿದಳು. ಬಾಟಲಿ ಉರುಳಿತು. ಮೇಜಿನ ಪ್ಲಾಸ್ಟಿಕ್ ಹೊದಿಕೆಯ ಮೇಲಿನ ಗುಲಾಬಿಗಳು ನಮ್ಮ ಕಣ್ಣೆದುರೇ ಕರಗಿ ಹರಿದವು. ಥಿನ್ನರ್ ಯಾವುದೆಂದು ಕೊನೆಗೂ ಪತ್ತೆಯಾಯಿತು. ನಾನು ಮಗುವನ್ನು ಅಪ್ಪಿಕೊಂಡು ಎಷ್ಟೋ ಹೊತ್ತು ಬಿಡಲಿಲ್ಲ, ನಾಚಿಕೆಯೂ ಆಯಿತು, ಅಳುವೂ ಬಂತು. ಅವ್ವ ಮಾತ್ರ, "ಇನ್ನೊಂದು ಹೋಳ್ಗೆ ಹಾಕ್ಲೇನೋ?" ಎಂದಳು.

ಉಳಿದ ಹತ್ತನ್ನು ಕಬ್ಬಿಣದ ಪೆಟ್ಟಿಗೆಗೆ ಹಾಕಿ ಬೀಗ ಜಡಿದಿದ್ದೇವೆ. ಯಾವುದರಲ್ಲಿ ಏನಿದೆಯೋ, ಅದನ್ನು ಎಲ್ಲಿ ಒಯ್ದು ಏನು ಮಾಡಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ. ಬೀಗದ ಕೈ ಶಾರದಾಳ ಹತ್ತಿರ ಇದೆ.

ರಜೆ ಮುಗಿದು ಕಾಲೇಜಿಗೆ ಹೊರಟಿದ್ದೆ. ಚಿನ್ನಿ ಕುಂಕುಮದ ಬಟ್ಟಲು ಹಿಡಿದು ಬಂದು, "ಬಗ್ಗಪ್ಪಾ" ಎಂದು ನನ್ನ ಹಣೆಗೂ ಕಾಸಗಲದ ಬೊಟ್ಟಿಟ್ಟಳು. ಮಗಳ ಕಣ್ಣಿಗೆ ನಾನೂ ದೇವರಾದೆನಲ್ಲ ಎಂದು ಉಬ್ಬಿಹೋದೆ. ಅವಳು ಒಳಗೆ ಓಡಿ ಅಮ್ಮನಿಗೆ ಹೇಳುತ್ತಿದ್ದುದು ಕೇಳಿಸಿತು: "ಅಮ್ಮಾ, ಅಪ್ಪಂಗೂ ಬೊಟ್ಟಿಟ್ಟೆ. ಪೆಟ್ಗೆ ಬೀಗ ತೆಗಿ."